ಗುಂಡಿಯ ಸೊಂಟದಳತೆ

ಮೂರು ತಲೆಮಾರಿನಿಂದ ಆ ದರ್ಜಿ ಅಂಗಡಿಯಲ್ಲಿ ಯಾವ ಗಿರಾಕಿಯೂ ದಪ್ಪಗಾಗಿರಲಿಲ್ಲ. ಅಂದರೆ, ಅಳತೆ ಪುಸ್ತಕದ ಪ್ರಕಾರ. ಮನುಷ್ಯ ಎದುರಿಗೇ ನಿಂತಿರುವಾಗ ಅವನ ಸೊಂಟ ನಲವತ್ತು ಎಂದು ಊರಿಗೆಲ್ಲ ಕೇಳುವಂತೆ ಕೂಗುವುದು ಎಂಥ ಮರ್ಯಾದೆ? ಟೇಪು ಹಿಡಿದವರು ಒಂದಷ್ಟು ಇಳಿಸಿ ಕೂಗಬೇಕು. ಬರೆಯುವವರು ಕೂಗಿದ್ದನ್ನೇ ಬರೆಯಬೇಕು. ಎಷ್ಟು ಇಳಿಸಿದ್ದು ಎಂಬುದನ್ನು ಬಟ್ಟೆ ಕತ್ತರಿಸುವವರಿಗೆ ತಿಳಿಸಲು ಟೇಪು ಹಿಡಿದವರೇ ಕೆಮ್ಮಬೇಕು, ಇಂಚಿಗೊಂದು ಕೆಮ್ಮು. ಮೈ ಬೆಳೆದಷ್ಟೂ ದಾಕ್ಷಿಣ್ಯವೂ ಬೆಳೆಯಬೇಕಲ್ಲ, ಹಾಗಾಗಿ ಭಾರೀ ಆಸಾಮಿಗಳೆಲ್ಲ ದರ್ಜಿಯ ತಾಯಿಗೆ ಎದೆಯ ಕಾಯಿಲೆ ಇದೆಯೆಂದೇ ನಂಬಿದ್ದರು.

ತಾಯಿ ಅಳೆಯುವುದು, ಹೆಂಡತಿ ಕತ್ತರಿಸುವುದು, ದರ್ಜಿ ಬರೆದುಕೊಂಡು ಹೊಲಿಯುವುದು. ಮೂವರ ಈ ಸಂಸಾರಕ್ಕೆ ನಾಲ್ಕನೆಯದಾಗಿ ಸೇರಿದ್ದು ಗುಂಡಿ. ಊರು ಬಿಟ್ಟು ಹೊರಟಿದ್ದ ಪಿಯಾನೋ ಮೇಷ್ಟ್ರೊಬ್ಬರು ಕೊನೆಯ ಕೋಟು ಒಯ್ಯಲು ಬಂದು ಅದನ್ನು ಬಿಟ್ಟುಹೋದರು. ಸ್ಪ್ಯಾನಿಯಲ್ ಜಾತಿಯ ನಾಯಿ. ಅದರಲ್ಲೂ ಬೇಟೆಗೀಟೆಯ ರಗಳೆಯೆಲ್ಲ ಬೇಡವೆಂದು ಮಡಿಲಿಗಾಗಿಯೇ ಬೆಳೆಸಿದ ಪುಟ್ಟ ತಳಿ. ಬಿಳಿಯ ಮೇಲೆ ಕಂದು ಮಚ್ಚೆಯ ರೇಷ್ಮೆ ಕೂದಲು, ನೆಲ ಗುಡಿಸುವ ಕಿವಿ, ಕೋಟಿನ ಗುಂಡಿಯಂಥ ಕಣ್ಣು. ಹೆಸರು ಬಂದದ್ದು ಆ ಕಣ್ಣಿನಿಂದಲೇ.

ಕಾವಲಿಗೆ ಅದು ಮೂರು ಕಾಸಿಗೂ ಬಾರದು. ಕಳ್ಳ ಬಂದರೆ ಅವನ ತೊಡೆ ಎಷ್ಟು ಮೆತ್ತಗಿದೆ ಎಂದು ಹತ್ತಿ ನೋಡುವ ಪ್ರಾಣಿ. ಒಂಟಿಯಾಗಿ ಒಂದು ನಿಮಿಷವೂ ಇರಲಾರದು. ದರ್ಜಿ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕೂತು ನಿಟ್ಟುಸಿರು ಬಿಡುತ್ತಿತ್ತು. ದಿನಾ ಬಾಚದಿದ್ದರೆ ಕಿವಿಯ ಹಿಂದೆ ಕೂದಲು ಗಂಟುಗಟ್ಟುತ್ತಿತ್ತು. ವಾರಕ್ಕೊಮ್ಮೆ ಕಿವಿಯೊಳಗೆ ಹತ್ತಿಯಿಂದ ಒರೆಸಬೇಕು, ಪಾದದ ಸಂದಿಯ ಕೂದಲು ಕತ್ತರಿಸಬೇಕು. ಊಟ ಮಾಡುವಾಗ ಕಿವಿ ತಟ್ಟೆಗೆ ಬೀಳದಿರಲೆಂದು ದರ್ಜಿ ಅದಕ್ಕೊಂದು ಕುಲಾವಿ ಹೊಲಿದ, ಅಂಚಿಗೆ ಲೇಸು ಕೂಡ ಇಟ್ಟ. ಯಂತ್ರ ತುಳಿಯುವಾಗ ಅದು ಅವನ ತೊಡೆಯ ಮೇಲೆ ಮಲಗಿ, ತುಳಿತಕ್ಕೆ ತಕ್ಕಂತೆ ಮೇಲೆ ಕೆಳಗೆ ತೂಗುತ್ತಿತ್ತು. ಐವತ್ತು ದಾಟಿದ ಆ ಗಂಡಸಿಗೆ ಗುಂಡಿಯೆಂದರೆ ಪ್ರಾಣ. ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು, ಅಷ್ಟೆ.

ಹೀಗಿರುವಾಗ ಪಶುವೈದ್ಯೆ ಅದರ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಹುಬ್ಬು ಗಂಟಿಕ್ಕಿದರು.

"ಎದೇಲೊಂದು ಶಬ್ದ ಇದೆ. ಈ ಜಾತಿ ನಾಯಿಗಳಿಗೆ ವಯಸ್ಸಾಗ್ತಾ ಇದು ಬರೋದೇ. ಮೊದಲು ಮೈ ಇಳಿಸಿ, ಇಲ್ಲಾಂದ್ರೆ ಆ ಹೃದಯ ತಡ್ಕೊಳಲ್ಲ. ಸೊಂಟ ಈಗ ಇಪ್ಪತ್ತೊಂದು, ಹದಿನೆಂಟಕ್ಕೆ ಬರ್ಬೇಕು. ಮನೇಲಿ ಅಳೀತೀರಾ?"

"ಅಳತೆ ನಮ್ಮ ಕಸುಬು, ಡಾಕ್ಟ್ರೇ," ಎಂದ ದರ್ಜಿ, ತುಸು ಬಿಗುಮಾನದಿಂದಲೇ.

"ಹಾಗಾದ್ರೆ ಪ್ರತಿ ಭಾನುವಾರ ಅಳೆದು ಫೋನ್ ಮಾಡಿ. ಅದು ಕೆಮ್ಮೋಕೆ ಶುರು ಮಾಡಿದ್ರೆ ಮಾತ್ರ ಫೋನೂ ಬೇಡ, ಏನೂ ಬೇಡ, ಎತ್ಕೊಂಡು ಓಡಿ ಬನ್ನಿ."

ಮೊದಲ ಭಾನುವಾರ ಗುಂಡಿಯನ್ನು ಕತ್ತರಿಸುವ ಮೇಜಿನ ಮೇಲೆ ನಿಲ್ಲಿಸಿದರು. ತಾಯಿ ಟೇಪು ಸುತ್ತಿ, "ಹತ್ತೊಂಬತ್ತು!" ಎಂದು ಕೂಗಿ ಎರಡು ಸಲ ಕೆಮ್ಮಿದಳು. ದರ್ಜಿ ಹಿರಿಹಿರಿ ಹಿಗ್ಗಿ ಬರೆದುಕೊಂಡ. ಫೋನಿನಲ್ಲಿ ಡಾಕ್ಟರು ಭೇಷ್ ಎಂದರು. ಆ ಖುಷಿಗೆ ಗುಂಡಿಗೆ ಒಂದು ಬಿಸ್ಕತ್ತು ಸಿಕ್ಕಿತು. ಅದರ ಕಣ್ಣು ನೋಡಿ ಹೆಂಡತಿ ಇನ್ನೊಂದು ಕೊಟ್ಟಳು.

ಮುಂದಿನ ವಾರ ಹದಿನೆಂಟು, ನಾಲ್ಕು ಕೆಮ್ಮು. ಅದರ ಮುಂದಿನ ವಾರ ಹದಿನೇಳು, ಐದು ಕೆಮ್ಮು. ತಾಯಿಗೆ ಶೀತವಾಗಿದೆಯೆಂದು ದರ್ಜಿ ಗಾಬರಿಯಾಗಿ ಸಿರಪ್ಪು ತಂದ. ಬೇಡವೆಂದರೂ ಬಿಡದೆ ಹೊತ್ತು ಹೊತ್ತಿಗೆ ಕುಡಿಸಿದ. ಇಷ್ಟು ವಯಸ್ಸಾದ ಮೇಲೆ ಮಗ ಚಮಚ ಹಿಡಿದು ಹಿಂದೆ ಬಿದ್ದದ್ದು ಅವಳಿಗೂ ಹಿತವಾಗಿತ್ತೋ ಏನೋ, ಮುಖ ಹುಳ್ಳಗೆ ಮಾಡಿಕೊಂಡೇ ಕುಡಿದಳು. ಆರನೆಯ ಭಾನುವಾರ ಅವಳು "ಹದಿನೈದು" ಎಂದು ಕೂಗಿ, ಕುರ್ಚಿ ಹಿಡಿದುಕೊಂಡು ಎಂಟು ಸಲ ಕೆಮ್ಮಿದಳು.

ಫೋನಿನ ಆ ತುದಿಯಲ್ಲಿ ಡಾಕ್ಟರು ಬೆಚ್ಚಿಬಿದ್ದರು. "ಹದಿನೈದಾ? ಅಯ್ಯೋ, ಇಷ್ಟು ಬೇಗ ಕರಗಬಾರ್ದು! ಊಟ ಜಾಸ್ತಿ ಮಾಡಿ!"

ಹೀಗೆ ವೈದ್ಯರ ಅಪ್ಪಣೆಯ ಮೇರೆಗೇ ಗುಂಡಿ ಎರಡು ಹೊತ್ತಿನ ಬದಲು ನಾಲ್ಕು ಹೊತ್ತು ಉಣ್ಣತೊಡಗಿತು. ತೊಡೆಯ ಮೇಲೆ ಭಾರ ಹೆಚ್ಚಿದ್ದು ದರ್ಜಿಗೆ ಗೊತ್ತಾಗದೆ ಇರಲಿಲ್ಲ. ತನ್ನ ಕಾಲಿಗೇ ವಯಸ್ಸಾಯಿತೆಂದು ಅವನು ಕೊರಗಿದ. ಪುಸ್ತಕದಲ್ಲಿ ಬರೆದದ್ದು ಸುಳ್ಳಾಗುವುದುಂಟೆ?

ಆ ಬುಧವಾರ ಮಧ್ಯಾಹ್ನ ಕೋರ್ಟಿನ ಗುಮಾಸ್ತ ಪ್ಯಾಂಟು ಹೊಲಿಸಲು ಬಂದ. ಒಳ್ಳೆ ಮೈಕಟ್ಟು, ಹೊಟ್ಟೆ ಬಾಗಿಲಿಗೆ ಮೊದಲು ಬರುವ ಪೈಕಿ. ತಾಯಿ, "ಮೂವತ್ತಾರು!" ಎಂದಳು. ಕೆಮ್ಮು ಕೇಳಿಸಿತು. ಕತ್ತರಿ ಹಿಡಿದ ಹೆಂಡತಿ ಬೆನ್ನು ತಿರುಗಿಸಿ ಎಣಿಸುತ್ತಾ ಹೋದಳು. ನಾಲ್ಕು, ಐದು, ಏಳು, ಹತ್ತು, ಹನ್ನೊಂದು. ಅವಳು ತಿರುಗಿ ಗುಮಾಸ್ತನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅತ್ತೆ, ನಲವತ್ತೇಳಾ?"

"ಏನು ನಲವತ್ತೇಳು?" ಎಂದ ಗುಮಾಸ್ತ.

"ನಾನು ಕೆಮ್ಮಿದ್ದು ನಾಲ್ಕೇ ಕಣೇ," ಎಂದಳು ತಾಯಿ.

ಅಷ್ಟರಲ್ಲಿ ಹನ್ನೆರಡನೆಯ ಕೆಮ್ಮು ಬಂತು. ಅದು ಬಂದದ್ದು ದರ್ಜಿಯ ತೊಡೆಯ ಮೇಲಿಂದ.

ದರ್ಜಿ ಚಪ್ಪಲಿ ಕೂಡ ಮೆಟ್ಟದೆ ಗುಂಡಿಯನ್ನು ಎತ್ತಿಕೊಂಡು ಓಡಿದ. ಹಿಂದೆ ಕತ್ತರಿ ಹಿಡಿದೇ ಹೆಂಡತಿ, ಅವಳ ಹಿಂದೆ ತಾಯಿ. ಅವಳ ಕೈಯ ಟೇಪು ಇನ್ನೂ ಸೊಂಟದಲ್ಲೇ ಇದ್ದುದರಿಂದ, ವಿಧಿಯಿಲ್ಲದೆ ಗುಮಾಸ್ತನೂ.

ಡಾಕ್ಟರು ಸೂಜಿಮದ್ದು ಚುಚ್ಚಿ, ಉಸಿರಾಟ ಹದಕ್ಕೆ ಬರುವವರೆಗೆ ಕಾದರು. ಆಮೇಲೆ ತಾವೇ ಅಳೆದರು.

"ಇಪ್ಪತ್ಮೂರು! ಹದಿನೈದು ಅಂದೋರ್ಯಾರು?"

"ಅದರ ಎದುರಿಗೇ ಹೇಗಮ್ಮಾ ಹೇಳೋದು?" ಎಂದಳು ತಾಯಿ ಅಳುತ್ತಾ. "ಎಷ್ಟುದ್ದ ಕಿವಿ ಅದಕ್ಕೆ! ನಾನು ಪ್ರತಿ ಸಲಾನೂ ಸರಿಯಾಗಿ ಕೆಮ್ಮಿದ್ದೀನಿ. ಇವನು ಕೂಡಿಸ್ಕೋಬೇಕಿತ್ತು."

"ನಾಯಿಗೂ ಇಳಿಸ್ತೀಯ ಅಂತ ನಂಗೇನು ಗೊತ್ತಮ್ಮಾ? ನಾನು ಸಿರಪ್ಪು ಕುಡಿಸ್ದೆ!"

"ನಾಲ್ಕು ಬಾಟಲಿ," ಎಂದಳು ತಾಯಿ.

ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತರು. ದರ್ಜಿ ಪುಸ್ತಕ ತರಿಸಿ, ಇಪ್ಪತ್ತಮೂರು ಎಂದು ಬರೆದ. ಅವನ ಆಯುಷ್ಯದಲ್ಲೇ ಅವನು ಬರೆದ ಮೊದಲ ನಿಜವಾದ ಸೊಂಟ ಅದು. ಬರೆದಾದ ಮೇಲೆ ಗುಂಡಿಯ ಕಡೆ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಆಮೇಲಿನ ಮೂರು ತಿಂಗಳು ಆ ಮನೆಯಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಕಷ್ಟದ ಕಾಲವೇ ಅದು. ಗುಂಡಿ ಕೋಟಿನ ಗುಂಡಿಯ ಕಣ್ಣು ಬಿಟ್ಟುಕೊಂಡು ಬಿಸ್ಕತ್ತಿನ ಡಬ್ಬಿ ನೋಡುತ್ತಿತ್ತು. ದರ್ಜಿ "ಇಲ್ಲ" ಎನ್ನುತ್ತಿದ್ದ, ಹಾಗೆಂದ ಮೇಲೆ ಹೊಲಿಗೆ ಸೊಟ್ಟ ಹಾಕುತ್ತಿದ್ದ. ಮಾತ್ರೆ, ಅಳೆದ ಊಟ, ನಿಧಾನದ ನಡಿಗೆ. ಸೊಂಟ ನಿಜವಾಗಿಯೇ ಹದಿನೆಂಟಕ್ಕೆ ಬಂದ ದಿನ ಮೂವರೂ ಶುಭ್ರವಾದ ಉಡುಪು ತೊಟ್ಟು ಆಸ್ಪತ್ರೆಗೆ ಹೋದರು.

ಡಾಕ್ಟರು ತುಂಬ ಹೊತ್ತು ಎದೆ ಆಲಿಸಿ, "ಚೆನ್ನಾಗಿದೆ, ಏನೂ ಯೋಚನೆ ಮಾಡ್ಬೇಡಿ," ಎಂದರು. ಹಾಗೆಂದು, ಕೆಮ್ಮಿದರು.

ಮೂವರೂ ಒಟ್ಟಿಗೆ ತಲೆಯೆತ್ತಿದರು.

"ಡಾಕ್ಟ್ರೇ," ಎಂದ ದರ್ಜಿ, "ಇಳಿಸಿ ಹೇಳ್ಬೇಡಿ."

ಡಾಕ್ಟರು ಸ್ಟೆತಾಸ್ಕೋಪನ್ನು ಮೇಜಿನ ಮೇಲಿಟ್ಟರು. "ಶಬ್ದ ಹೋಗಿಲ್ಲ. ಹೋಗೋದೂ ಇಲ್ಲ. ಹೀಗೇ ನೋಡ್ಕೊಂಡ್ರೆ ಎರಡು ವರ್ಷ."

ದರ್ಜಿ ಪುಸ್ತಕ ಬಿಚ್ಚಿ ಪೆನ್ನು ತೆಗೆದ. ಗುಂಡಿ ಅವನ ತೊಡೆಯೇರಿ, ಮುಂಗಾಲನ್ನು ಹಾಳೆಯ ಮೇಲಿಟ್ಟು, ಏನು ಬರೆಯುತ್ತಾನೋ ಎಂದು ನೋಡುತ್ತಾ ಕೂತಿತು.

"ಅದು ನೋಡ್ತಿದೆ ಕಣೋ," ಎಂದಳು ತಾಯಿ ಮೆಲ್ಲಗೆ.

ದರ್ಜಿ ಮೂರು ಎಂದು ಬರೆದು, ಒಮ್ಮೆ ಕೆಮ್ಮಿದ.