ನೂರಮೂವತ್ತು, ಎಂಬತ್ತು

ನನ್ನ ಬಾಯಿ ದೊಡ್ಡದು ಅಂತ ಬೀದಿಗೆಲ್ಲ ಗೊತ್ತು. ಸುಳ್ಳು ಹೇಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ ನನಗೆ. ಅಂಥವಳು ನಾಲ್ಕು ತಿಂಗಳು, ದಿನಕ್ಕೆರಡು ಸಲ, ಕಟ್ಟಿಕೊಂಡ ಗಂಡನಿಗೇ ಸುಳ್ಳು ಹೇಳಿದೆ. ಅದೂ ಪುಸ್ತಕದಲ್ಲಿ ಬರೆದಿಟ್ಟು.

ಇವರು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಮೂರು ವರ್ಷದ ಹಿಂದೆ ಅದು ಸಿಡಿಯಿತು. ಜೊತೆಗಿದ್ದ ಮೀಸೆಯಣ್ಣ ಅಲ್ಲೇ ಹೋಗಿಬಿಟ್ಟ. ಗಂಟೆಗೊಮ್ಮೆ ಒತ್ತಡ ಬರೆಯುವ ಲಾಗ್‌ಬುಕ್ಕಿನಲ್ಲಿ, ಇವರ ಕೈಬರಹದಲ್ಲೇ, ‘ಏಳು’ ಅಂತಿತ್ತು. ಏಳು ಅಂದರೆ ದಿನಾ ಇರುವಷ್ಟೇ. ಮೀಟರಿನ ಮುಳ್ಳು ಸಿಕ್ಕಿಕೊಂಡಿರಬೇಕು, ಇವರದೇನೂ ತಪ್ಪಿಲ್ಲ ಎಂದು ವಿಚಾರಣೆಯವರು ತೀರ್ಮಾನಿಸಿದರು. ಸದ್ಯ ಬದುಕಿಕೊಂಡೆವು ಅಂದುಕೊಂಡೆ.

ಎಲ್ಲಿ ಬದುಕಿದ್ದು! ಕುಕ್ಕರ್ ಕೂಗಿದರೆ ಮನುಷ್ಯ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಕುಕ್ಕರನ್ನೇ ತಂಗಿಗೆ ಕೊಟ್ಟುಬಿಟ್ಟೆ. ನಿದ್ದೆ ಹೋಯಿತು, ಬಿಸ್ಕತ್ತಿನ ಪೊಟ್ಟಣ ಖಾಲಿಯಾಗತೊಡಗಿತು, ಹೊಟ್ಟೆ ಬಂತು. ಮೊದಲು ಬಿಪಿ, ಆಮೇಲೆ ಸಕ್ಕರೆ ಕಾಯಿಲೆ. ಬೀದಿ ಕೊನೆಯ ಡಾಕ್ಟರು ಉಪ್ಪು ಬಿಡಿ, ಸಿಹಿ ಬಿಡಿ, ನಡೀರಿ ಎಂದರು. ಬಾಯ್ಲರ್ ವಿಷಯ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಸಕ್ಕರೆಗೂ ಬಾಯ್ಲರಿಗೂ ಏನು ಸಂಬಂಧ ಅಂತ ಯಾರಿಗೆ ಗೊತ್ತು?

ಬಿಪಿ ಮಷೀನು ಮನೆಗೆ ತಂದೆವು. ಇವರು ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಕಣ್ಣು ಮುಚ್ಚಿಬಿಡುವರು. ಯಾವ ಮೀಟರನ್ನೂ ನೋಡುವುದಿಲ್ಲ, ಗೋಡೆ ಗಡಿಯಾರವನ್ನೂ. ಓದಿ ಬರೆಯುವುದು ನನ್ನ ಕೆಲಸ. ಮೊದಲನೇ ದಿನ “ನೂರತೊಂಬತ್ತು” ಎಂದೆ. ಎದ್ದು, ಚಪ್ಪಲಿಯೂ ಇಲ್ಲದೆ ಬೀದಿಗೆ ಓಡಿ, ಮೋರಿ ಪಕ್ಕ ಬಿದ್ದರು. ಮೊಣಕಾಲು ತರಚಿಹೋಗಿತ್ತು. ಮಾರನೇ ದಿನವೂ ಅಷ್ಟೇ ಇತ್ತು. “ನೂರಮೂವತ್ತು, ಎಂಬತ್ತು” ಎಂದೆ. ಮುಖ ಸಡಿಲವಾಯಿತು. ಮಧ್ಯಾಹ್ನ ಒಂದು ಗಂಟೆ ನಿದ್ದೆ ಮಾಡಿದರು. ಅಯ್ಯೋ, ಆ ಒಂದು ಗಂಟೆಯ ಆಸೆಗೆ ನಾನು ಮಾರಿಹೋದೆ.

ಪುಸ್ತಕ ನೋಡಿ ಡಾಕ್ಟರು ಖುಷಿಯಾದರು. ಅವರೂ ಒಂದು ಸಲ ಪಟ್ಟಿ ಕಟ್ಟಿದರು, ಜಾಸ್ತಿಯೇ ಬಂತು. “ಆಸ್ಪತ್ರೆ ಅಂದ್ರೆ ಕೆಲವರಿಗೆ ಏರುತ್ತೆ, ಮನೇಲಿ ಸರಿಯಿದೆಯಲ್ಲ” ಎಂದು ಎರಡು ಮಾತ್ರೆಯಲ್ಲಿ ಒಂದನ್ನು ನಿಲ್ಲಿಸಿದರು. ಪಕ್ಕದಲ್ಲಿ ಇವರು ನಗುತ್ತಾ ಕೂತಿದ್ದರು. ಇಷ್ಟುದ್ದ ನಾಲಿಗೆ ಇರುವ ನಾನು ತುಟಿ ಪಿಟಕ್ಕೆನ್ನಲಿಲ್ಲ.

ಮಾತ್ರೆ ನಿಲ್ಲಿಸಿದ ಹದಿನೈದನೇ ದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಎದೆ ಹಿಡಿದುಕೊಂಡು ಕುಸಿದರು.

ದೊಡ್ಡಾಸ್ಪತ್ರೆಯಲ್ಲಿ ಎದೆಗೆಲ್ಲ ತಂತಿ ಅಂಟಿಸಿದರು. ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು. ನನ್ನ ಪುಸ್ತಕ ತಿರುವಿ ಹುಬ್ಬು ಗಂಟಿಕ್ಕಿದಳು.

“ದಿನಾ ಇಷ್ಟೇನಾ ಅಮ್ಮ? ಯಾವ ಔಷಧಿ ಎಷ್ಟು ಕೊಡಬೇಕು ಅಂತ ಇದನ್ನ ನೋಡೇ ಯೋಚಿಸ್ಬೇಕು. ನಿದ್ದೆ ಮಾಡ್ತಾರಾ? ಯಾವತ್ತಾದ್ರೂ ದೊಡ್ಡ ಅಪಘಾತ ಏನಾದ್ರೂ ಆಗಿತ್ತಾ?”

ಮೂರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಬಾಯ್ಲರ್ ವಿಷಯವೆಲ್ಲ ಹೇಳಿದೆ. ಅವಳು ತಲೆಯಾಡಿಸಿದಳು.

“ಆ ಭಯ ಇನ್ನೂ ಮೈಯಲ್ಲೇ ಕೂತಿದೆ. ಈಗಲೇ ಸಿಡಿಯುತ್ತೆ ಅನ್ನೋ ಹಾಗೆ ಹೃದಯ ದಿನಾ ಓಡ್ತಾನೇ ಇದ್ರೆ ಬಿಪಿ, ಸಕ್ಕರೆ ಎರಡೂ ಏರಬಹುದು. ಆ ಭಯಕ್ಕೂ ಚಿಕಿತ್ಸೆ ಇದೆ ಅಮ್ಮ, ಆಗಲೇ ಕೊಡ್ಬೇಕಿತ್ತು.”

ಇವರು ಕಣ್ಣು ಮುಚ್ಚಿ ಮಲಗಿದ್ದರು. ಎಚ್ಚರವಿತ್ತು, ರೆಪ್ಪೆ ಅದುರುತ್ತಿತ್ತು. ಪುಸ್ತಕದ ನಿಜ ಹೇಳಿದರೆ ಇವರ ಎದೆ ತಡೆಯುತ್ತದಾ? ಹೇಳದಿದ್ದರೆ ತಪ್ಪು ಔಷಧಿ. ಏನು ಮಾಡಲಿ ನಾನು?

“ಅದೆಲ್ಲ ಸುಳ್ಳು ಡಾಕ್ಟ್ರಮ್ಮ,” ಎಂದೆ. “ನಾನೇ ಬರ್ದಿದ್ದು. ಒಂದು ದಿನಾನೂ ನೂರೆಂಬತ್ತರ ಕೆಳಗೆ ಬಂದಿಲ್ಲ.”

ಅವಳು ನನ್ನನ್ನೊಮ್ಮೆ ನೋಡಿ, ಪುಸ್ತಕ ನನ್ನ ಕೈಗಿಟ್ಟು, ನರ್ಸನ್ನು ಕೂಗುತ್ತಾ ಹೋದಳು. ನಾನು ಮಂಚಕ್ಕೆ ಹಣೆ ಹಚ್ಚಿ ಅತ್ತೆ.

“ತಪ್ಪಾಯ್ತು ರೀ. ನಿಮ್ಮನ್ನ ನಾನೇ ಕೊಂದೆ.”

“ಅಳ್ಬೇಡ ಕಣೇ.” ದನಿ ಪಿಸುಗುಟ್ಟಿದಷ್ಟೇ ಇತ್ತು. “ಅವತ್ತು ಮೀಟರಿನ ಮುಳ್ಳು ಸಿಕ್ಕಿಕೊಂಡಿರ್ಲಿಲ್ಲ. ನಾನು ನೋಡೇ ಇರ್ಲಿಲ್ಲ. ಇಡೀ ಪಾಳಿಯ ಏಳುಗಳನ್ನ ಬೆಳಿಗ್ಗೆಯೇ ಬರ್ದಿಟ್ಟಿದ್ದೆ, ನಾವೆಲ್ಲ ಹಾಗೇ ಮಾಡ್ತಿದ್ವಿ. ಮೀಸೆಯಣ್ಣ ಕೇಳ್ದ, ಎಷ್ಟಿದೆ ಅಂತ. ಪುಸ್ತಕ ನೋಡಿ ಏಳು ಅಂದೆ. ಸರಿ ಅಂತ ಬಾಯ್ಲರ್ ಕೋಣೆ ಒಳಗೆ ಹೋದ.”

ಮೂರು ವರ್ಷ ಒಂದೇ ಹಾಸಿಗೆಯಲ್ಲಿ ಇದನ್ನು ಒಬ್ಬರೇ ನುಂಗಿಕೊಂಡು ಮಲಗಿದ್ದರು.

“ಈಗ ಎಷ್ಟಿದೆ?” ಎಂದರು.

ತಲೆಯ ಮೇಲಿನ ಪರದೆ ನೋಡಿದೆ.

“ನೂರೆಂಬತ್ತೆಂಟು.”

ಇವರು ನನ್ನ ಬೆರಳು ಗಟ್ಟಿಯಾಗಿ ಹಿಡಿದುಕೊಂಡರು. ಕಣ್ಣು ತೆರೆದು, ಕತ್ತು ಹೊರಳಿಸಿ, ಮೂರು ವರ್ಷದಲ್ಲಿ ಮೊದಲ ಸಲ ತಾವೇ ಅಂಕಿಯನ್ನು ನೋಡಿದರು.

“ಹೌದು,” ಎಂದರು. “ಬರ್ಕೋ.”