ಒಂದು ಮೂಟೆ ಕಲ್ಲಿದ್ದಲು

“ಕೈ ಒರೆಸಿಕೊಂಡು ಮುಟ್ಟು. ಈ ಬೈಬಲ್ಲು ನನ್ನ ತಾತನ ಕಾಲದ್ದು.”

ಟಬಿತಾ ಎರಡೂ ಕೈಗಳನ್ನು ಏಪ್ರನ್ನಿಗೆ ಒರೆಸಿದಳು. ಉಣ್ಣೆಯ ಜಿಡ್ಡು ಒರೆಸಿದರೆ ಹೋಗುವಂಥದಲ್ಲ. ಥಾರ್ನ್‌ಕ್ಲಫ್ ಗಿರಣಿಯಲ್ಲಿ ನಸುಕಿನಿಂದ ಉಣ್ಣೆ ಬಾಚಿ, ಶನಿವಾರದ ಅರ್ಧ ದಿನ ಮುಗಿಸಿ, ಹಾಗೇ ಇಲ್ಲಿಗೆ ಬಂದಿದ್ದಳು. ಪಬ್ಬಿನ ಮಹಡಿ. ಮೇಜಿನಾಚೆ ರಗ್ಬಿ ಸಂಘದ ವಿಚಾರಣೆಗೆಂದು ಲಂಡನ್ನಿನಿಂದ ಬಂದ ಮೂವರು ದೊಡ್ಡ ಮನುಷ್ಯರು; ಬೈಬಲ್ಲು ನಡುವಿನವರದು. ಕೆಳಗೆ ಮೆಟ್ಟಿಲ ಮೇಲೆ ಊರಿನ ರಗ್ಬಿ ಕ್ಲಬ್ಬಿನ ಹುಡುಗರು, ಮರದಟ್ಟೆಯ ಜೋಡು ಸದ್ದು ಮಾಡದಂತೆ ಕಾಲು ಮಡಚಿಕೊಂಡು ಕುಳಿತಿದ್ದರು.

ಆಟಕ್ಕೆ ಬಿಡಿಗಾಸೂ ಮುಟ್ಟಬಾರದು ಎಂಬುದು ಲಂಡನ್ನಿನವರ ಕಟ್ಟಳೆ. ಪರ ಊರಿಗೆ ಆಡಲು ಹೋದ ಶನಿವಾರ ಗಿರಣಿಯಲ್ಲಿ ಕೂಲಿ ಮುರಿಯುತ್ತಿತ್ತು. ಅದನ್ನು ತುಂಬಿಕೊಟ್ಟರೂ ತಪ್ಪು. ಟಬಿತಾಳ ಗಂಡ ಈನಕ್ ಹಾಗೆ ಕೂಲಿ ಮುರಿದುಕೊಂಡೇ ಆಡಿದವನು. ಐದು ವಾರದ ಹಿಂದೆ ಹೆಪ್ಪುಗಟ್ಟಿದ ನೆಲದ ಮೇಲೆ ಹದಿನಾರು ಆಳುಗಳ ನೂಕಾಟದ ಕೆಳಗೆ ಅವನ ಕುತ್ತಿಗೆ ಮುರಿಯಿತು. ಮೂರು ದಿನ ಕಣ್ಣು ಬಿಟ್ಟುಕೊಂಡೇ ಮಲಗಿದ್ದು ಹೋದ. ಮಣ್ಣು ಮಾಡಿ ಬಂದ ಸಂಜೆ ಹುಡುಗರು ಒಂದು ಮೂಟೆ ಕಲ್ಲಿದ್ದಲು, ಒಂದು ಮೂಟೆ ಹಿಟ್ಟು ಹೊತ್ತು ತಂದು ಅವಳ ಬಾಗಿಲಿಗೆ ಇಳಿಸಿದರು.

ಆ ಭಾನುವಾರ ಚಾಪೆಲ್ಲಿನ ಪ್ರಾರ್ಥನೆಯಲ್ಲಿ ಅವಳು ಎದ್ದು ನಿಂತು, ತಿಂದ ಋಣ ಬಾಯಿಬಿಟ್ಟು ಹೇಳಬೇಕೆಂದು, ಕ್ಲಬ್ಬಿನ ಹೆಸರು ಹಿಡಿದು ಕೈಮುಗಿದಳು. ಹಾಗೆ ಹೇಳುವುದು ಅಲ್ಲಿನ ರೂಢಿ. ಅದನ್ನು ಯಾರೋ ಲಂಡನ್ನಿಗೆ ಬರೆದರು.

ಕ್ಲಬ್ಬಿನ ಕಾರ್ಯದರ್ಶಿ ಜೇಬೆಜ್ ಅದೇ ಗಿರಣಿಯ ಬಾಯ್ಲರ್ ಕೆಲಸದವನು. ನಿನ್ನೆ ಬಂದು ಅವಳ ಹೊಸ್ತಿಲಲ್ಲೇ ನಿಂತಿದ್ದ.

“ಏನೂ ಕೊಟ್ಟಿಲ್ಲ ಅನ್ನು ತಂಗ್ಯವ್ವ. ಕೊಟ್ರು ಅಂದ್ರೆ ಕ್ಲಬ್ಬೇ ಮುಚ್ತಾರೆ ಸೂಳೆಮಕ್ಕಳು. ವಾರ ಪೂರ್ತಿ ಹೊಗೆ ಕುಡಿಯೋ ಹೈಕ್ಳಿಗೆ ಅದೊಂದೇ ಇರೋದು.”

“ಬೈಬಲ್ ಮುಟ್ಟಿಸ್ತಾರಂತಲ್ಲಣ್ಣ?”

“ದೇವ್ರಿಗೆ ನಾನ್ ಹೇಳ್ಕೋತೀನಿ ಬುಡು.”

ಈಗ ನಡುವಿನ ಕುರ್ಚಿಯ ಫೆನ್‌ವಿಕ್ ಸಾಹೇಬರು ಲೇಖನಿ ಅದ್ದಿದರು.

“ಗಂಡ ಸತ್ತ ಮೇಲೆ ಕ್ಲಬ್ಬಿನವರು ನಿನಗೆ ಏನಾದರೂ ಕೊಟ್ಟರಾ?”

“ಇಲ್ಲ, ಬುದ್ದಿ.”

“ಚಾಪೆಲ್ಲಿನಲ್ಲಿ ಹೇಳಿದ್ದು?”

“ದುಕ್ಕದಾಗೆ ಏನೋ ಅಂದಿರ್ಬೇಕು.”

ಅಷ್ಟೇ ಆಯಿತು. ಸಾಹೇಬರ ಮುಖ ಸಡಿಲವಾಯಿತು. ಪಕ್ಕದವರತ್ತ ತಿರುಗಿ, ಅವಳು ಅಲ್ಲಿಲ್ಲವೇನೋ ಎಂಬಂತೆ ಮಾತಾಡಿದರು.

“ನೋಡಿದಿರಾ? ಬರೀ ಆಟದ ಮೇಲಿನ ಪ್ರೀತಿಗೆ ಆಡಿದ, ಸತ್ತ. ಇವರಿಗೆ ಹೆಚ್ಚೇನೂ ಬೇಕಾಗುವುದಿಲ್ಲ. ಹೇಗೋ ನಡೆಸಿಕೊಳ್ಳುತ್ತಾರೆ. ಕೊಟ್ಟು ಕೆಡಿಸುವವರು ನಾವೇ.”

ಟಬಿತಾ ಬಾಗಿಲವರೆಗೆ ಹೋದವಳು ನಿಂತಳು. ಕೋಪ ಬರಲಿಲ್ಲ. ಆ ಸುಳ್ಳು ಹೊತ್ತು ಮೆಟ್ಟಿಲಿಳಿಯಲಾಗದು ಎನ್ನಿಸಿತು, ಅಷ್ಟೇ.

“ಕೊಟ್ರು,” ಅಂದಳು.

“ಏನು?”

“ಒಂದು ಮೂಟೆ ಇದ್ಲು. ಒಂದು ಮೂಟೆ ಹಿಟ್ಟು. ಅದಿಲ್ದಿದ್ರೆ ನಾನೂ ಈಟೊತ್ಗೆ ಅವ್ನ ಪಕ್ಕ ಮಲಗಿರ್ತಿದ್ದೆ. ಬರ್ಕೊಳಿ.”

ಕೆಳಗೆ ಯಾರದೋ ಜೋಡು ಟಕ್ ಎಂದಿತು.

ಮೂವರೂ ಗುಸುಗುಸು ಮಾತಾಡಿಕೊಂಡರು. ಆಮೇಲೆ ಫೆನ್‌ವಿಕ್ ಸಾಹೇಬರು ಕರುಣೆಯ ದನಿ ತೆಗೆದರು. “ವಿಧವೆ ಅಂತ ಒಂದು ಅವಕಾಶ ಕೊಡುತ್ತೇವೆ. ಪಡೆದದ್ದನ್ನು ವಾಪಸು ಕೊಟ್ಟುಬಿಡು. ಕ್ಲಬ್ಬನ್ನು ಕ್ಷಮಿಸುತ್ತೇವೆ. ಇಲ್ಲವಾದರೆ ಇಂದೇ ಬಹಿಷ್ಕಾರ. ನಮಗೆ ನಾಲ್ಕು ಗಂಟೆಗೆ ರೈಲು.”

“ಪಡೆದದ್ದನ್ನೇ ತರ್ಬೇಕಾ ಬುದ್ದಿ?”

“ಪಡೆದದ್ದನ್ನೇ.”

ಅವಳು ಮೆಟ್ಟಿಲಿಳಿದು ಬಂದಳು. ಮುಂದಿನ ಸಾಲಿನ ಆಟಗಾರ ಆಬ್ಸಲಮ್ ಗೋಡೆಗೆ ತಲೆ ಆನಿಸಿ, “ಹೋಯ್ತು ಬುಡು, ಎಲ್ಲಾ ಕೆಡಿಸಿದ್ಲು,” ಅಂದ. ಜೇಬೆಜ್ ಅವಳ ಮುಖ ನೋಡಲಿಲ್ಲ.

ಅವಳಿದ್ದ ಸಾಲುಮನೆಗಳ ಹಿತ್ತಲಿನಲ್ಲಿ ಕಕ್ಕಸಿನ ಗುಂಡಿ. ವಾಸನೆ ಅಡಗಲೆಂದು ಒಲೆಯ ಬೂದಿಯನ್ನು ದಿನವೂ ಅದಕ್ಕೇ ಸುರಿಯುವುದು ಅಲ್ಲಿಯ ಪದ್ಧತಿ. ಹಿಮ ಬಿದ್ದಾಗಿನಿಂದ ಗುಂಡಿ ಬಳಿಯುವವರು ಇತ್ತ ಸುಳಿದಿರಲಿಲ್ಲ. ಟಬಿತಾ ಸಲಿಕೆ ತೆಗೆದುಕೊಂಡು ಬಕೆಟ್ಟು ತುಂಬಿದಳು. ಬೀದಿಯುದ್ದಕ್ಕೂ ಎರಡು ಕಡೆ ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಎತ್ತಿದಳು.

ಮೆಟ್ಟಿಲ ಮೇಲಿದ್ದವರು ಮೂಗು ಮುಚ್ಚಿಕೊಂಡು ದಾರಿ ಬಿಟ್ಟರು.

ಮೇಲೆ ಸಾಹೇಬರು ಚಹಾ ಕುಡಿಯುತ್ತಿದ್ದರು. ಅವಳು ಬಕೆಟ್ಟನ್ನು ಮೇಜಿನ ಮೇಲೆ ಮಗುಚಿದಳು. ಬೂದಿಯ ಹೆಂಟೆ, ಅದರೊಳಗಿನದು, ದಾಖಲೆ ಪುಸ್ತಕ, ಚಹಾದ ಕಪ್ಪು, ತಾತನ ಕಾಲದ ಬೈಬಲ್ಲು, ಎಲ್ಲ ಒಂದಾಯಿತು. ಕಿರಿಯ ಸಾಹೇಬರು ಕಿಟಕಿಯತ್ತ ಹಾರಿದರು.

“ಏನಿದು! ಏನಿದು, ಹೊಲಸು ಹೆಂಗಸೇ!”

“ನೀವು ಕೇಳಿದ್ದು. ಇದು ಇದ್ಲು. ಹಿಟ್ಟೂ ಇದ್ರಾಗೇ ಐತೆ, ಬುದ್ದಿ.” ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. “ಒಂದೇ ಸಲಕ್ಕೆ ಹೊರಕ್ಕಾಗ್ನಿಲ್ಲ. ಕೂತಿರಿ, ಮಿಕ್ಕಿದ್ದು ತರ್ತೀನಿ.”

ಬಾಗಿಲಲ್ಲಿ ಜೇಬೆಜ್ ನಿಂತಿದ್ದ. ಅವನ ಹಿಂದೆ ಆಬ್ಸಲಮ್, ಆಬ್ಸಲಮ್ಮನ ಹಿಂದೆ ಮಿಕ್ಕವರು. ಫೆನ್‌ವಿಕ್ ಸಾಹೇಬರು ಜೇಬೆಜನ ಹೆಸರು ಹಿಡಿದು ಕೂಗುತ್ತಿದ್ದರು: ಬಹಿಷ್ಕಾರ, ಗಿರಣಿಯ ಧಣಿಗೆ ಪತ್ರ, ಸೋಮವಾರದಿಂದ ಕೆಲಸವಿಲ್ಲ.

ಜೇಬೆಜ್ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಕೈ ಚಾಚಿ ಅವಳಿಂದ ಖಾಲಿ ಬಕೆಟ್ಟು ಇಸಿದುಕೊಂಡ.

“ಸಲಿಕೆ ಎಲ್ಲಿಟ್ಟಿದೀಯ, ತಂಗ್ಯವ್ವ?”