ಪುಟ್ಟಿಯ ಕೊನೆಯ ದೃಶ್ಯ

ತಂಗಿ ತೀರಿಕೊಂಡ ಸುದ್ದಿ ಬಂದಾಗ ನಾನು ಅವಳ ದೆವ್ವದ ನಿಲುವಂಗಿಯನ್ನು ಹಿಂಡಿ ಹಿಂಡಿ ಸುಕ್ಕು ಮಾಡುತ್ತಿದ್ದೆ. ಹಿಂದಿನ ದಿನ ಅದಕ್ಕೆ ಚೆನ್ನಾಗಿ ಇಸ್ತ್ರಿ ಹಾಕಿಟ್ಟು ಬೈಸಿಕೊಂಡಿದ್ದೆ. “ದೆವ್ವ ಏನು ಆಫೀಸಿಗೆ ಹೋಗುತ್ತಾ ದೊಡ್ಡತ್ತೆ?” ಎಂದು ತಮ್ಮನ ಮಗಳು ಹಣೆ ಹಣೆ ಚಚ್ಚಿಕೊಂಡಿದ್ದಳು.

ಸಿನಿಮಾ ಈ ಸೋದರಸೊಸೆಯದು. ಹತ್ತು ನಿಮಿಷದ ಭಯದ ಚಿತ್ರ. ಕೈ ಬರಿದು, ಹಾಗಾಗಿ ನಾವು ಅಕ್ಕತಂಗಿಯರು ಬಾಡಿಗೆಗಿದ್ದ ಮನೆಯೇ ಭೂತಬಂಗಲೆ, ಬದುಕೆಲ್ಲ ಹೊಲಿಗೆ ಯಂತ್ರದ ಮುಂದೆ ಸವೆಸಿದ ನನ್ನ ತಂಗಿಯೇ ದೆವ್ವ. ಮನೆಯವರಿಗೆಲ್ಲ ಅವಳು ಈ ವಯಸ್ಸಿನಲ್ಲೂ ಪುಟ್ಟಿ. ಹಳೆಯ ಪರದೆಯಲ್ಲಿ ನಿಲುವಂಗಿಯನ್ನು ತಾನೇ ಹೊಲಿದು, ಚಹಾಪುಡಿ ಕುದಿಸಿದ ನೀರಿನಲ್ಲಿ ಅದ್ದಿ ಮಾಸಲು ಬಣ್ಣ ಬರಿಸಿದ್ದಳು. ರಕ್ತವೆಂದರೆ ಕೆಂಪು ಬಣ್ಣ ಬೆರೆಸಿದ ಸಕ್ಕರೆ ಪಾಕ. ಅದಕ್ಕೆ ಇರುವೆ ಮುತ್ತಿ ದೆವ್ವವೇ ಕುಣಿದಾಡಿದ್ದೂ ಆಯಿತು.

ಆ ಬೆಳಿಗ್ಗೆ ಎದೆ ಹಿಡಿದಂತಾಗುತ್ತಿದೆ ಎಂದು ಆಸ್ಪತ್ರೆಗೆ ಹೊರಟಳು. ತಮ್ಮ ಜೊತೆಗೆ ಹೋದ. “ಮುಖಕ್ಕೆ ಹಿಟ್ಟು ಕಲಸಿಟ್ಟಿರಿ, ಬಂದವಳೇ ದೆವ್ವ ಆಗ್ತೀನಿ” ಎನ್ನುತ್ತ ಮೆಟ್ಟಿಲಿಳಿದಳು. ಹಿಟ್ಟು ಕಲಸಿಟ್ಟಿದ್ದೆ. ತಮ್ಮನ ಫೋನು ಬಂತು. “ಅಕ್ಕಾ, ಪುಟ್ಟಿ ಹೋಗ್ಬಿಟ್ಲು” ಎಂದ. ಹಗಲಿನಲ್ಲೇ ರಾತ್ರಿ ಕಾಣಲೆಂದು ಚಿತ್ರ ತೆಗೆಯುವ ಹುಡುಗರು ಕಿಟಕಿಗಳಿಗೆಲ್ಲ ಕಪ್ಪು ಕಂಬಳಿ ಕಟ್ಟಿದ್ದರು. ಅದನ್ನು ಬಿಚ್ಚಬೇಕೆಂದು ಯಾರಿಗೂ ತೋಚಲಿಲ್ಲ. ಹೊರಗೆ ಬಿಸಿಲು, ಒಳಗೆ ನಾವೇ ಮಾಡಿದ ಕತ್ತಲೆಯಲ್ಲಿ ನಾವು ಕುಳಿತಿದ್ದೆವು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಸೊಸೆ ಬಂದು ನನ್ನ ಮಂಚದ ತುದಿಯಲ್ಲಿ ಕುಳಿತಳು.

“ದೊಡ್ಡತ್ತೆ, ಇನ್ನು ಕೊನೇ ದೃಶ್ಯ ಒಂದೇ ಬಾಕಿ. ಹಿಂದಿನಿಂದ ನೋಡಿದ್ರೆ ನೀವೂ ಚಿಕ್ಕತ್ತೆ ಥರಾನೇ ಇದ್ದೀರಿ.”

ಆ ದೃಶ್ಯ ನನಗೆ ಗೊತ್ತಿತ್ತು. ದೆವ್ವಕ್ಕೆ ಬಿಡುಗಡೆಯಿಲ್ಲ. ಅದು ಅದೇ ಕೋಣೆಗೆ ಮರಳಿ, ಮುಂದಿನ ಬಾಡಿಗೆಯವರಿಗಾಗಿ ಕಾಯುತ್ತ ಕೂರುತ್ತದೆ.

“ವೇಷ ಹಾಕೋದು ದೊಡ್ಡದಲ್ಲಮ್ಮ” ಎಂದೆ. ಮಾತನಾಡುವುದೂ ಆಯಾಸವಾಗಿತ್ತು. “ಅವಳಿಗೆ ಸದ್ಗತಿ ಕೊಡು ಅಂತ ನಾನು ಎರಡು ಹೊತ್ತೂ ದೇವರ ಮುಂದೆ ಕೂತ್ಕೊಳ್ತೀನಿ. ನೀನು ನೋಡಿದ್ರೆ ಅವಳನ್ನ ಇಲ್ಲೇ ಅಲೆಯೋಕೆ ಬಿಡ್ತೀಯ.”

“ಅದು ಚಿಕ್ಕತ್ತೆ ಅಲ್ಲ ದೊಡ್ಡತ್ತೆ, ಪಾತ್ರ.”

“ಮುಖ ಯಾರದು?”

ಅವಳು ಸೆರಗಿನಂತೆ ನನ್ನ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ದೆವ್ವಕ್ಕೆ ಮುಕ್ತಿ ಕೊಟ್ರೆ ಯಾರು ಹೆದರ್ತಾರೆ?” ಎಂದವಳು ಅತ್ತುಬಿಟ್ಟಳು. ಯಾರು ಯಾರನ್ನು ಸಮಾಧಾನ ಮಾಡುವುದು?

ಕೊನೆಗೆ ಅವಳೇ ಕಂಪ್ಯೂಟರ್ ತಂದಳು. “ಶೂಟಿಂಗ್ ಮಾಡುವಾಗ ಕೆಟ್ಟು ಹೋದ ತುಣುಕುಗಳಿವೆ. ಅದರಲ್ಲಿ ಬೇರೆ ಕೊನೆ ಏನಾದ್ರೂ ಸಿಕ್ರೆ ನಿಮ್ಮ ಪುಣ್ಯ.”

ಪರದೆಯ ಮೇಲೆ ಪುಟ್ಟಿ, ಮುಖದ ತುಂಬ ಹಿಟ್ಟು, ಕೂದಲು ಕೆದರಿಕೊಂಡು ಕನ್ನಡಿಯ ಮುಂದಿನಿಂದ ತಿರುಗಿದಳು. ಕೋಣೆಯನ್ನೊಮ್ಮೆ ನೋಡಿದಳು. ಹೊಸ್ತಿಲ ಬಳಿ ಬಂದಳು. ಅಲ್ಲಿ ಅವಳ ಕೈ ತಾನಾಗಿ ಗೋಡೆಯತ್ತ ಹೋಯಿತು. ಟಕ್. ಎಲ್ಲ ಕತ್ತಲೆ.

“ದೆವ್ವಮ್ಮಾ, ಮತ್ತೆ ಲೈಟ್ ಆರಿಸಿದ್ರಾ!” ಕತ್ತಲೆಯೊಳಗಿಂದ ಕ್ಯಾಮೆರಾದವನ ಗೋಳು.

“ಅಯ್ಯೋ, ಈ ಕೈ ಮಾತು ಕೇಳಲ್ಲಪ್ಪ! ಕೋಣೆ ಬಿಟ್ಟು ಹೋಗೋರು ಲೈಟ್ ಆರಿಸದೆ ಹೋಗ್ತಾರಾ? ಕರೆಂಟ್ ಏನು ನಿಮ್ಮ ತಾತ ಕೊಡ್ತಾನಾ?”

ಎಲ್ಲರ ನಗು. ಅದರೊಳಗೆ ನನ್ನದೂ ಇತ್ತು. ಮುಂದಿನ ತುಣುಕಿನಲ್ಲೂ ಅದೇ ತಪ್ಪು, ಅದರ ಮುಂದಿನದರಲ್ಲೂ ಅದೇ. ಅಂದು ಅದು ಎಲ್ಲರಿಗೂ ತಲೆನೋವಾಗಿತ್ತು.

ಸೊಸೆ ತುಣುಕಿನ ಧ್ವನಿಯನ್ನು ತೆಗೆದುಹಾಕಿ ಮತ್ತೆ ಓಡಿಸಿದಳು. ಈಗ ನಗುವಿರಲಿಲ್ಲ. ಒಬ್ಬಳು ತಾನಿದ್ದ ಕೋಣೆಯನ್ನು ಕಣ್ತುಂಬ ನೋಡಿ, ದೀಪ ಆರಿಸಿ, ಹೊರಟುಹೋದಳು. ಮರಳಿ ಬರುವವಳ ಹಾಗೆ ಕಾಣಲಿಲ್ಲ.

ಸೊಸೆ ಕಂಪ್ಯೂಟರ್ ಮುಚ್ಚಿ, “ಇದೇ ಕೊನೆ” ಎಂದಳು. “ಹೆದರಿಕೆ ಆಗಲ್ಲ.”

“ಆಗದಿದ್ರೆ ಬಿಡು.”

“ಬಿಟ್ಟೆ.”

ಅವಳು ಹೋದ ಮೇಲೆ ಆ ನಿಲುವಂಗಿಗೆ ಇಸ್ತ್ರಿ ಹಾಕಿದೆ. ಈ ಸಲ ಬೈಯುವವರಿರಲಿಲ್ಲ. ಮಡಿಸಿ ಪುಟ್ಟಿಯ ಪೆಟ್ಟಿಗೆಯಲ್ಲಿಟ್ಟು, ಮಂಡಿ ನೋವಿನಲ್ಲೇ ದೇವರ ಮುಂದೆ ಕುಳಿತೆ.

ತಂದೆಯೇ, ನನ್ನ ತಂಗಿ ದುಡಿದು ದಣಿದು ನಿನ್ನ ಬಳಿ ಬಂದಿದ್ದಾಳೆ. ನಾನು ಹಂಬಲಿಸಿ ಹಿಂದಕ್ಕೆ ಕರೆದರೂ ಕಳುಹಿಸಬೇಡ. ಅವಳ ಕಣ್ಣಿಗೆ ನಿದ್ದೆ ಕೊಡು. ಅವಳ ಆತ್ಮಕ್ಕೆ ಶಾಂತಿ ಕೊಡು.